ಹಾಲಮ್ಮ ಬರುತ್ತಿದ್ದ ಮಂಗಳವಾರಗಳು

ಹೋದ ಶ್ರಾವಣದಲ್ಲಿ ಮೊಮ್ಮಗಳ ಸೀಮಂತಕ್ಕೆ ಬಟ್ಟೆ ತರಲು ಶಿಕಾರಿಪುರದ ಅಂಗಡಿಗೆ ಹೋಗಿದ್ದೆವು. ಅಂಗಡಿಯವನು ಹಸಿರು ಖಣದ ಥಾನು ಬಿಚ್ಚಿ ನನ್ನ ಮೊಣಕಾಲ ಮೇಲೆಯೇ ಹಾಸಿದ. ಇನ್ನೂ ನೀರು ಕಾಣದ ಹೊಸ ಬಟ್ಟೆಯ ಗಂಜಿ ವಾಸನೆ ಒಮ್ಮೆಲೇ ಮೂಗಿಗೆ ಬಡಿಯಿತು. "ಅಜ್ಜಿ, ಬೆವರ್ತಾ ಇದೀರಲ್ಲ" ಅಂದಳು ಮೊಮ್ಮಗಳು. ಸೆಖೆ ಅಂದೆ. ಹೊರಗೆ ಮಳೆ ಹನಿಯುತ್ತಿತ್ತು.

ಆ ವಾಸನೆಗೆ ನಾನು ಹೆದರಲು ಶುರುಮಾಡಿದ್ದು ಐವತ್ತೆಂಟರ ಬೇಸಿಗೆಯಲ್ಲಿ, ಸೊರಬದಲ್ಲಿ. ಆಗ ನನಗೆ ಹತ್ತೊಂಬತ್ತು. ಮದುವೆಯಾಗಿ ವರ್ಷ ತುಂಬಿರಲಿಲ್ಲ, ಹೊಟ್ಟೆಯಲ್ಲಿ ಐದು ತಿಂಗಳ ಕೂಸು. ನಮ್ಮವರು ಟೇಲರ್. ಬಸ್ಸು ನಿಲ್ಲುವ ಕಡೆಯಿಂದ ಗುಡಿಗಾರರ ಓಣಿಗೆ ತಿರುಗುವ ಮೂಲೆಯಲ್ಲಿ ನಮ್ಮ ಮನೆ. ಗಂಧದ ಕೆತ್ತನೆ ಮಾಡುವವರ ಆ ಓಣಿಯಿಂದ ದಿನವಿಡೀ ಉಳಿಯ ಟಕಟಕ ಕೇಳುತ್ತಿತ್ತು. ಅದಕ್ಕೆ ಎದುರಾಗಿ ನಮ್ಮ ಜಗಲಿಯಲ್ಲಿ ಹೊಲಿಗೆ ಮಿಷನ್ನಿನ ಸದ್ದು. ಜಗಲಿಯೇ ಅಂಗಡಿ, ಅದರ ಹಿಂದೆ ನಡುಮನೆ, ಅಡುಗೆಮನೆ, ಹಿತ್ತಿಲು. ಮನೆಯಲ್ಲಿ ನಾವಿಬ್ಬರು ಮತ್ತು ಅತ್ತೆ. ನಮ್ಮವರದು ಮಾತು ಕಡಿಮೆ. ಬಾಯಲ್ಲಿ ಯಾವಾಗಲೂ ಗುಂಡುಸೂಜಿ ಕಚ್ಚಿಕೊಂಡಿರುವುದರಿಂದ ಮಾತಾಡುವುದಿಲ್ಲವೇನೋ ಎಂದು ಮೊದಮೊದಲು ಅಂದುಕೊಂಡಿದ್ದೆ. ಸೂಜಿ ತೆಗೆದಿಟ್ಟರೂ ಅಷ್ಟೇ ಎಂದು ಆಮೇಲೆ ತಿಳಿಯಿತು.

ನನ್ನ ತವರು ತಾಳಗುಂದ. ಅಪ್ಪ ಗದ್ದೆ ಮಾಡಿಕೊಂಡಿದ್ದವರು. ನಾವು ಮೂವರು ಮಕ್ಕಳು, ಅಣ್ಣ ಹಾಲಪ್ಪ, ನಾನು, ತಂಗಿ ಲಲಿತ. ಸೊರಬದವರು ನನ್ನನ್ನು ನೋಡಲು ಬಂದಾಗ ಅಪ್ಪ ಹೇಳಿದ್ದೇ ಬೇರೆ. "ಗಂಡುಮಗ ಒಬ್ಬ ಇದ್ದ. ಜ್ವರ ಬಂದು ಹೋದ" ಅಂದರು. ಒಳಗೆ ಅವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಬಂದವರು ಅದನ್ನು ಮಗ ಸತ್ತ ಸಂಕಟ ಅಂದುಕೊಂಡರು.

ಅಣ್ಣ ಸತ್ತಿರಲಿಲ್ಲ. ನನಗಿಂತ ನಾಲ್ಕು ವರ್ಷಕ್ಕೆ ದೊಡ್ಡವನು. ಅವ್ವನಿಗೆ ಗದ್ದೆ ಕೆಲಸ, ಹಾಗಾಗಿ ನನ್ನ ತಲೆ ಬಾಚಿ ಜಡೆ ಹಾಕುತ್ತಿದ್ದವನು ಅವನೇ. ಬೆಳಗ್ಗೆ ಅಂಗಳಕ್ಕೆ ರಂಗೋಲಿ ಹಾಕಿ, ಅಪ್ಪ ಏಳುವಷ್ಟರಲ್ಲಿ ಕೈ ತೊಳೆದುಕೊಂಡು, "ಗೌರಿ ಹಾಕಿದ್ದು" ಅನ್ನುತ್ತಿದ್ದ. ಹದಿನಾರು ತುಂಬುವ ಹೊತ್ತಿಗೆ ಅವನ ಕೂದಲು ತಾನೇ ತಾನಾಗಿ ಗಂಟುಗಟ್ಟಿ ಜಟೆಯಾಯಿತು. ಚಂದ್ರಗುತ್ತಿ ಅಮ್ಮ ಕರೀತಿದಾಳೆ, ಸೀರೆ ಉಡಿಸಿ ಅವಳಿಗೇ ಬಿಟ್ಟುಬಿಡಿ ಎಂದು ಊರಿನ ಹಿರಿಯ ಹೆಂಗಸರು ಹೇಳಿದರು. ಅಪ್ಪ ಕುರಿ ಉಣ್ಣೆ ಕತ್ತರಿಸುವ ಕತ್ತರಿ ತಂದು ಬುಡಸಮೇತ ಕತ್ತರಿಸಿ ಹಾಕಿದರು. ಬಾರುಕೋಲಿನಿಂದ ಹೊಡೆದರು. ಅದಾದ ಮೇಲೆ ಒಂದು ಬೆಳಗ್ಗೆ ಅಣ್ಣ ಮನೆಯಲ್ಲಿರಲಿಲ್ಲ. ಅವ್ವನ ಹಳೆಯ ಸೀರೆಯೊಂದು ಗಳದ ಮೇಲಿರಲಿಲ್ಲ. ಅಂದಿನಿಂದ ನಮ್ಮ ಮನೆಯಲ್ಲಿ ಯಾರೂ ಅವನ ಹೆಸರು ಎತ್ತಲಿಲ್ಲ.

ಐವತ್ತೆಂಟರಲ್ಲಿ ಸೊರಬದ ಹೊರಗೆ ಹೊಳೆಗೆ ಸೇತುವೆ ಕಟ್ಟುತ್ತಿದ್ದರು. ಸಂಕ್ರಾಂತಿ ಕಳೆದು ನೀರು ಇಳಿದ ಮೇಲೆ ಕೆಲಸ ಜೋರಾಯಿತು. ಒಂದು ಕಂಬ ವಾಲಿತಂತೆ ಎಂದು ಯಾರೋ ಹೇಳಿದರು. ಅದರ ಹಿಂದೆಯೇ ಇನ್ನೊಂದು ಸುದ್ದಿ ಬಂತು. ಹೊಳೆ ಬಲಿ ಕೇಳ್ತಿದೆಯಂತೆ, ಸಣ್ಣ ಮಕ್ಕಳೇ ಆಗಬೇಕಂತೆ, ಹಿಡಿದು ತರೋಕೆ ಜನ ಬಿಟ್ಟಿದಾರಂತೆ. ಆ ಜನ ಗಂಡಸರಂತೆ, ಆದರೆ ಸೀರೆ ಉಟ್ಟುಕೊಂಡು, ತಲೆ ಮೇಲೆ ಬುಟ್ಟಿ ಹೊತ್ತು ಬರ್ತಾರಂತೆ. ಕಣ್ಣಿಂದ ನೋಡಿದವರು ಒಬ್ಬರೂ ಇರಲಿಲ್ಲ, ಕೇಳಿದವರು ಊರೆಲ್ಲ ಇದ್ದರು. ಬಾವಿಕಟ್ಟೆಯಲ್ಲಿ ಅದೇ ಮಾತು, ಗಿರಣಿಯಲ್ಲಿ ಅದೇ ಮಾತು. ಶಾಲೆಗೆ ಮಕ್ಕಳನ್ನು ಕಳಿಸುವುದು ಬಿಟ್ಟರು. ಪಕ್ಕದ ಮನೆಯ ಅಜ್ಜಿ ಮಧ್ಯಾಹ್ನ ಮಲಗುವಾಗ ತನ್ನ ಸೆರಗಿನ ತುದಿಯನ್ನು ಮೊಮ್ಮಗಳ ಕಾಲಿಗೆ ಕಟ್ಟಿಕೊಂಡು ಮಲಗುತ್ತಿದ್ದಳು. ಆ ವರ್ಷ ಬಿಸಿಲೂ ವಿಪರೀತ. ಸುತ್ತಲಿನ ಕಾಡಿಗೆ ಅಲ್ಲಲ್ಲಿ ಬೆಂಕಿ ಬಿದ್ದು, ಊರ ಮೇಲೆ ಹೊಗೆ ಕವಿದುಕೊಂಡೇ ಇರುತ್ತಿತ್ತು. ಉಸಿರಾಡಿದರೆ ಗಂಟಲಲ್ಲಿ ಬೂದಿ.

ಅಂಥ ದಿನಗಳಲ್ಲಿ ಪ್ರತಿ ಮಂಗಳವಾರ ಒಬ್ಬ ಜೋಗಮ್ಮ ನಮ್ಮ ಬೀದಿಗೆ ಬರತೊಡಗಿದಳು. ತಲೆ ಮೇಲೆ ದೇವಿಯ ಮುಖವಿಟ್ಟ ಬಿದಿರ ಬುಟ್ಟಿ, ಕೊರಳಲ್ಲಿ ಬಿಳಿ ಕೆಂಪು ಮುತ್ತಿನ ಸರ, ಹಣೆ ತುಂಬಾ ಭಂಡಾರದ ಅರಿಶಿನ. ಎತ್ತರದ ಆಳು, ಅಗಲ ಭುಜ, ದನಿ ಗಡಸು. ಹೆಸರು ಹಾಲಮ್ಮ ಅಂತೆ ಎಂದು ಅತ್ತೆ ಹೇಳಿದರು. ಅವಳು ಬೀದಿಗೆ ಬಂದರೆ ಮೊದಲು ಮಕ್ಕಳನ್ನು ಒಳಗೆ ಎಳೆದುಕೊಂಡು ಬಾಗಿಲು ಹಾಕುವ ಸದ್ದು ಕೇಳುತ್ತಿತ್ತು. ಆಮೇಲೆ ಅದೇ ಬಾಗಿಲು ಸ್ವಲ್ಪ ತೆರೆದು ಮೊರದಲ್ಲಿ ಅಕ್ಕಿ ಹೊರಗೆ ಬರುತ್ತಿತ್ತು. ಹಾಗೇ ಕಳಿಸಿದರೆ ಅಮ್ಮ ಮುನಿಯುತ್ತಾಳೆ ಎಂಬ ಹೆದರಿಕೆ. ಎದುರಿನ ಹೋಟೆಲಿನ ರಾಮಣ್ಣ ಅವಳು ನಿಂತು ಹೋದ ಜಾಗಕ್ಕೆ ಒಂದು ಚೊಂಬು ನೀರು ಚೆಲ್ಲುತ್ತಿದ್ದ. ಬಸ್ಸಿಗೆ ಕಾಯುತ್ತಾ ನಿಂತ ಗಂಡಸರು ಹಿಂದಿನಿಂದ ಸಿಳ್ಳೆ ಹಾಕುತ್ತಿದ್ದರು. ಅವಳು ತಿರುಗಿ ಭಂಡಾರದ ಚೀಲಕ್ಕೆ ಕೈಹಾಕಿದರೆ ಸಾಕು, ಅವರೇ ಹಣೆ ಬಗ್ಗಿಸುತ್ತಿದ್ದರು.

ನಾನು ಬಸುರಿಯಾಗಿದ್ದರಿಂದ ಅತ್ತೆ ನನ್ನನ್ನು ಎದುರಿಗೆ ಬಿಡುತ್ತಿರಲಿಲ್ಲ. ನಡುಮನೆಯ ಬಾಗಿಲ ಹಿಂದೆ ನಿಂತು ನೋಡುತ್ತಿದ್ದೆ. ಮೊದಲ ಮಂಗಳವಾರವೇ ಅವಳು ಬುಟ್ಟಿಯನ್ನು ಜಗಲಿಗೆ ಇಳಿಸಿ, ಬೆನ್ನು ನೆಟ್ಟಗೆ ಮಾಡುತ್ತಾ, ಎಡಗೈಯನ್ನು ಸೊಂಟದ ಹಿಂದಿಟ್ಟು ಕತ್ತನ್ನು ಒಂದು ಪಕ್ಕಕ್ಕೆ ವಾಲಿಸಿದಳು. ನಾಟಿ ಮಾಡಿ ಎದ್ದು ನಿಂತಾಗ ನಮ್ಮವ್ವ ಹಾಗೇ ನಿಲ್ಲುತ್ತಿದ್ದಳು, ಅದೇ ಕೈ, ಅದೇ ಕತ್ತು. ಅದು ನಮ್ಮಣ್ಣ.

ಮನೆಯವರಿಗೆ ತಿಳಿದರೆ ಏನಾಗುತ್ತದೆ ಎಂದು ಆ ದಿನವೇ ಲೆಕ್ಕಹಾಕಿದೆ. ಅಪ್ಪ ಸುಳ್ಳು ಹೇಳಿ ಹೆಣ್ಣು ಕೊಟ್ಟರು ಅನ್ನುತ್ತಾರೆ. ನನ್ನನ್ನು ತವರಿಗೆ ಅಟ್ಟುತ್ತಾರೆ. ಹೊಟ್ಟೆಯಲ್ಲಿರುವ ಕೂಸನ್ನೂ ಅನುಮಾನದಿಂದ ನೋಡುತ್ತಾರೆ. ಲಲಿತನಿಗೆ ತೊಗರ್ಸಿಯಲ್ಲಿ ಗಂಡು ಗೊತ್ತಾಗಿತ್ತು, ಯುಗಾದಿ ಕಳೆದ ಮೇಲೆ ಮದುವೆ. ಅದು ಮುರಿಯುತ್ತದೆ. ನಾನು ಬಾಯಿ ಬಿಡಲಿಲ್ಲ. ಆದರೆ ಮಂಗಳವಾರ ಬೆಳಗಾದರೆ ಕೈಯಿಂದ ಪಾತ್ರೆ ಜಾರುತ್ತಿತ್ತು.

ನಾಲ್ಕನೇ ಮಂಗಳವಾರ ಅವಳು ಹಸಿರು ಖಣವೊಂದನ್ನು ಜಗಲಿಯ ಮೇಲಿಟ್ಟು, "ಟೇಲರಪ್ಪಾ, ಒಂದು ಕುಪ್ಪಸ ಹೊಲಿದುಕೊಡು" ಅಂದಳು.

ನಮ್ಮವರು ಸೂಜಿ ತೆಗೆದು ಅತ್ತೆಯ ಮುಖ ನೋಡಿದರು. "ಅಳತೆಗೆ ಹಳೇದು ಐತಾ?" ಅಂತ ಕೇಳಿದರು.

"ಇರೋದೆಲ್ಲ ಯಾರ್ಯಾರೋ ಕೊಟ್ಟಿದ್ದು. ಯಾವುದೂ ನನ್ನ ಮೈಗೆ ಆಗಲ್ಲ. ಒಂದಾದ್ರೂ ನನ್ನ ಅಳತೆಗೇ ಹೊಲಿಸ್ಕೋಬೇಕು ಅಂತ ಆಸೆ."

ಅತ್ತೆಯನ್ನು ಒಳಗೆ ಕರೆದು ನಮ್ಮವರು ಸಣ್ಣ ದನಿಯಲ್ಲಿ, "ಗಂಡಸಿನ ಅಳತೆನೋ ಹೆಂಗಸಿನ ಅಳತೆನೋ, ಹೆಂಗವ್ವಾ ತಗೊಳ್ಳದು?" ಅಂದರು. ಅದರಲ್ಲಿ ತಮಾಷೆ ಇರಲಿಲ್ಲ, ಅವರಿಗೆ ನಿಜವಾಗಿಯೂ ದಿಕ್ಕು ತೋಚಿರಲಿಲ್ಲ.

"ಬಸುರಿ ಇರೋ ಮನೆ. ಇಲ್ಲ ಅಂದು ಕಳಿಸಿ ಶಾಪ ಹಾಕಿಸ್ಕೋಬ್ಯಾಡ" ಅಂದರು ಅತ್ತೆ. ಆಮೇಲೆ ನನ್ನ ಕಡೆ ತಿರುಗಿ, "ಗೌರಿ, ಟೇಪು ತಗಾ. ನಡುಮನೆಲಿ ಅಳತೆ ತಗೊಂಡು ಕಳಿಸು. ಹಣೆಗೆ ಭಂಡಾರ ಹಚ್ಚಿಸ್ಕೊ" ಅಂದರು.

ಅಳತೆಗೆಂದು ಅವಳು ತೋಳೆತ್ತಿ ನಿಂತಳು. ಅತ್ತೆ ಹತ್ತು ಹೆಜ್ಜೆ ದೂರದಲ್ಲಿ ಅಕ್ಕಿ ಅಳೆಯುತ್ತಿದ್ದರು. ಬೆನ್ನಿಗೆ ಟೇಪು ಇಟ್ಟಾಗ ಬಾರುಕೋಲಿನ ಹಳೆಯ ಬರೆ ಕಂಡಿತು.

ತುಟಿ ಅಲ್ಲಾಡಿಸದೆ ಅವಳು ಹೇಳಿದಳು: "ಒಂದು ತಿಂಗಳಿಂದ ಬಾಗಿಲ ಹಿಂದೆ ನಿಲ್ತೀಯ. ಕಾಲು ನೋಯಲ್ವೇನೇ?"

ನಾನು ಟೇಪನ್ನು ಭುಜಕ್ಕೆ ಸರಿಸಿದೆ.

"ಹೆದರಬ್ಯಾಡ. ನಿನ್ನ ಈ ಊರಿಗೆ ಕೊಟ್ಟಾರೆ ಅಂತ ಗೊತ್ತಾತು. ನೋಡ್ಬೇಕು ಅನ್ನಂಗಾತು, ಬಂದೆ, ಅಷ್ಟೇ. ಅಪ್ಪ ನನ್ನ ಸಾಯಿಸ್ಯಾರೆ ಅನ್ನೋದೂ ಗೊತ್ತು. ನಾನು ಯಾರ ಮನೆಯವಳು ಅಂತ ನನ್ನ ಬಾಯಿಂದ ಯಾವತ್ತೂ ಬರಲ್ಲ. ಅಮ್ಮನ ಆಣೆ."

"ಇಲ್ಲಿಗೆ ಬರಬ್ಯಾಡಣ್ಣಾ" ಅಂದೆ. ಏಳು ವರ್ಷದ ಮೇಲೆ ಸಿಕ್ಕಿದ ಅಣ್ಣನಿಗೆ ನಾನು ಆಡಿದ ಮೊದಲ ಮಾತು ಅದು. "ಊರು ಸರಿ ಇಲ್ಲ. ಮಕ್ಕಳ ಕಳ್ಳರು ಅಂತಿದಾರೆ."

"ಎಲ್ಲ ಊರಲ್ಲೂ ಏನಾರ ಒಂದು ಅಂತಾರೆ" ಅಂದು ನನ್ನ ಹಣೆಗೆ ಭಂಡಾರ ಹಚ್ಚಿದಳು. ಬೆರಳು ಹಣೆಯ ಮೇಲೆ ಒಂದು ಗಳಿಗೆ ಹೆಚ್ಚಾಗಿಯೇ ನಿಂತಿತು. ಅತ್ತೆ ನೋಡಿ, ಒಳ್ಳೆ ಶಕುನ ಅಂತ ಸಮಾಧಾನ ಪಟ್ಟುಕೊಂಡರು.

ಆ ಕುಪ್ಪಸವನ್ನು ನಮ್ಮವರು ಕತ್ತರಿಸಿಕೊಟ್ಟರು, ಹೊಲಿದವಳು ನಾನು. ಎರಡು ಮಧ್ಯಾಹ್ನ ಆ ಗಂಜಿ ವಾಸನೆ ನನ್ನ ಕೈಗೆ ಅಂಟಿಕೊಂಡಿತ್ತು. ಹೊಲಿಯುವಾಗೆಲ್ಲ, ತೋಳಿನ ಸುತ್ತಳತೆ ನಮ್ಮಪ್ಪನದೇ ಇದೆ, ಯಾರಾದರೂ ಗುರುತು ಹಿಡಿದಾರು ಎಂದು ಹುಚ್ಚುಹುಚ್ಚಾಗಿ ಹೆದರುತ್ತಿದ್ದೆ.

ಯುಗಾದಿಗೆ ಹದಿನೈದು ದಿನ ಇರುವಾಗ ಅಪ್ಪ ಲಲಿತನ ಮದುವೆಗೆ ಕರೆಯಲು ಬಂದರು. ಬರುವ ಸುದ್ದಿ ಮುಂಚೆ ತಿಳಿಸಿರಲಿಲ್ಲ. ಅವತ್ತು ಮಂಗಳವಾರ. ಜಗಲಿಯ ಬೆಂಚಿನ ಮೇಲೆ ಕೂತು ಬೆಲ್ಲ ನೀರು ಕುಡಿಯುತ್ತಿದ್ದರು. ನಾನು ಒಳಗೆ ನಿಂತು, ಇವತ್ತೊಂದು ದಿನ ಬರದಿರಲಿ ಎಂದು ಬೇಡಿಕೊಳ್ಳುತ್ತಿದ್ದೆ. ಬೀದಿಯಲ್ಲಿ ಬಾಗಿಲು ಹಾಕುವ ಸದ್ದು ಒಂದೊಂದಾಗಿ ಹತ್ತಿರ ಬಂತು.

ಹಸಿರು ಕುಪ್ಪಸ ತೊಟ್ಟು ಅವಳು ನಮ್ಮ ಜಗಲಿಯ ಮುಂದೆ ನಿಂತಳು. ಅಪ್ಪ ತಲೆಯೆತ್ತಿದರು. ಚೊಂಬು ಹಿಡಿದ ಕೈ ಅಲ್ಲೇ ನಿಂತಿತು. ಇಬ್ಬರೂ ನೋಡಿದರು. ಎಷ್ಟು ಹೊತ್ತು ಅಂತ ನನಗೆ ಹೇಳಲಾಗದು. ಅವಳು ಎಲ್ಲ ಮನೆಯ ಮುಂದೆ ಹೇಳುವ ಹಾಗೇ, "ಉಧೋ ಉಧೋ. ಈ ಮನೆ ತಣ್ಣಗಿರಲಿ" ಅಂದಳು.

"ಬೀಗರೇ, ನೀವೂ ಹಚ್ಚಿಸ್ಕೊಳ್ರಿ. ಮದುವೆ ಮನೆಯವರು, ಒಳ್ಳೇದಾಗ್ತದೆ" ಅಂದರು ಅತ್ತೆ.

ಅಪ್ಪ ಬೇಡ ಅನ್ನಲು ಕಾರಣ ಇರಲಿಲ್ಲ. ಎದ್ದು ಬಂದು ತಲೆ ಬಗ್ಗಿಸಿದರು. ಹೊಡೆದ ಕೈ ಜೋಡಿಸಿಕೊಂಡು ನಿಂತಿದ್ದರು, ಹೊಡೆಸಿಕೊಂಡವಳು ಅವರ ಹಣೆಗೆ ಭಂಡಾರ ಹಚ್ಚಿದಳು. ಅವಳು ಬುಟ್ಟಿ ಎತ್ತಿಕೊಂಡು ಮುಂದಿನ ಮನೆಗೆ ಹೋದಳು.

ಹಿಂದಿರುಗುವ ಬಸ್ಸಿಗೆ ಹೊರಟಾಗ ಅಪ್ಪ ನನ್ನನ್ನು ಪಕ್ಕಕ್ಕೆ ಕರೆದರು. "ನೀನು ಏನೂ ನೋಡಿಲ್ಲ. ನಾನೂ ನೋಡಿಲ್ಲ. ಲಲಿತನ ಮದುವೆ ಆಗಲಿ."

"ಅಪ್ಪಾ, ಚೆನ್ನಾಗಿದಾನೆ ಅಂತ ಅವ್ವನಿಗಾದ್ರೂ ಹೇಳು."

"ಸತ್ತೋರು ಹೆಂಗೆ ಚೆನ್ನಾಗಿರ್ತಾರೆ?" ಅಂದು ಬಸ್ಸು ಹತ್ತಿದರು. ಹಣೆಯ ಭಂಡಾರವನ್ನು ಒರೆಸಿಕೊಂಡಿರಲಿಲ್ಲ. ಒರೆಸಲು ಅವರಿಗೂ ಹೆದರಿಕೆ.

ಮುಂದಿನ ಮಂಗಳವಾರ ಹೋಟೆಲಿನ ರಾಮಣ್ಣನ ಮೊಮ್ಮಗಳು ಸರೋಜ ಕಾಣೆಯಾದಳು. ನಾಲ್ಕು ವರ್ಷದ ಕೂಸು. ಬೆಳಗಿನ ಹತ್ತು ಗಂಟೆಗೆ ಹೋಟೆಲಿನ ಹಿಂದೆ ಆಡುತ್ತಿದ್ದವಳು ಹನ್ನೊಂದಕ್ಕೆ ಇರಲಿಲ್ಲ. ಬಾವಿ ನೋಡಿದರು, ಹಿತ್ತಿಲು ನೋಡಿದರು. ಅವಳ ತಾಯಿ ಬೀದಿಯಲ್ಲಿ ಕೂಗುತ್ತಾ ಓಡಾಡಿದ್ದು ಈಗಲೂ ಕಿವಿಯಲ್ಲಿದೆ. ಹನ್ನೊಂದೂವರೆಗೆ ಯಾರೋ, "ಸೇತುವೆ ದಾರಿಲಿ ಆ ಜೋಗಮ್ಮ ಹೋಗ್ತಿದ್ಲು, ಬುಟ್ಟಿ ಭಾರ ಇದ್ದಂಗಿತ್ತು" ಅಂದರು. ಅಷ್ಟೇ ಸಾಕಾಯಿತು. ಮಿಷನ್ನಿನ ಮುಂದಿದ್ದ ನಮ್ಮವರನ್ನೂ ಜನ ಕರೆದುಕೊಂಡೇ ಹೋದರು.

ನಾನು ಜಗಲಿಯ ಕಂಬ ಹಿಡಿದು ನಿಂತೆ. ಸ್ವಲ್ಪ ಹೊತ್ತಿಗೆ ಬಸ್ಸು ನಿಲ್ಲುವ ಕಡೆಯಿಂದ ಗದ್ದಲ ಕೇಳಿಸಿತು. ಹಿಡಿದು ತಂದಿದ್ದರು. "ಒಳಗೆ ಬಾ, ಅಂಥದ್ದೆಲ್ಲ ಬಸುರಿ ನೋಡಬಾರದು" ಅಂದರು ಅತ್ತೆ. ನಾನು ಒಳಗೆ ಹೋದೆ. ನೆಲದ ಮೇಲೆ ಕೂತೆ. ಕಿವಿ ಮುಚ್ಚಿಕೊಂಡೆ. ಇದನ್ನು ಬಚ್ಚಿಟ್ಟು ಬರೆಯುವುದು ಸರಿಯಲ್ಲ. ಮೊದಲು ನಾನು ಮಾಡಿದ್ದು ಅಷ್ಟೇ. ಆಮೇಲೆ ಹಿತ್ತಿಲ ಬಾಗಿಲಿಂದ ಎದ್ದು ಹೋದೆ. ಕಾಲಿಗೆ ಚಪ್ಪಲಿ ಇರಲಿಲ್ಲ. ನೆಲ ಸುಡುತ್ತಿತ್ತು.

ಜನ ಸುತ್ತಲೂ ನಿಂತಿದ್ದರು, ನಡುವೆ ಅವಳು ಮಣ್ಣಿನಲ್ಲಿ ಕೂತಿದ್ದಳು. ಬುಟ್ಟಿ ಮಗುಚಿ ಅಕ್ಕಿ ಚೆಲ್ಲಿತ್ತು. ಬುಟ್ಟಿಯಲ್ಲಿ ಮಗು ಇಲ್ಲದ್ದನ್ನು ನೋಡಿದ ಮೇಲೂ ಯಾರೂ ಬಿಟ್ಟಿರಲಿಲ್ಲ, ಎಲ್ಲಿ ಕೊಟ್ಟು ಬಂದೆ ಎಂದು ಕೇಳುತ್ತಿದ್ದರು. ನಾನು ಹೊಲಿದ ಕುಪ್ಪಸ ಬೆನ್ನಿನ ಮೇಲೆ ಹರಿದು ಜೋತಾಡುತ್ತಿತ್ತು. ತುಟಿ ಒಡೆದಿತ್ತು. ದೇವಿಯ ಮುಖವನ್ನು ಮಾತ್ರ ಎದೆಗೆ ಅವಚಿಕೊಂಡಿದ್ದಳು.

ರಾಮಣ್ಣ ಅಳುತ್ತಲೇ ಕೇಳುತ್ತಿದ್ದ. "ನೀನು ಯಾರು ಹೇಳು. ಯಾವ ಊರು, ಯಾರ ಮಗ? ಒಂದು ಗುರುತು ಹೇಳು, ಬಿಟ್ಟುಬಿಡ್ತೀವಿ."

"ನಾನು ಅಮ್ಮನ ಮಗಳು."

"ಅದು ಬ್ಯಾಡ. ಹೆತ್ತೋರು ಯಾರು? ನಿನ್ನ ಬಲ್ಲೋರು ಈ ಊರಲ್ಲಿ ಯಾರಾರ ಅದಾರಾ?"

ಅವಳ ಕಣ್ಣು ಆ ಗುಂಪಿನ ಸಂದಿಯಲ್ಲಿ ನನ್ನನ್ನು ಕಂಡಿತು. ತಕ್ಷಣ ಬೇರೆ ಕಡೆ ತಿರುಗಿತು. "ಯಾರೂ ಇಲ್ಲ" ಅಂದಳು. ಯಾರೋ ಮತ್ತೆ ಹೊಡೆದರು. ಇನ್ನೊಬ್ಬ ಬಾರುಕೋಲು ತರುತ್ತಿದ್ದ.

ಬಾರುಕೋಲು ನೋಡಿದ್ದೇ ನನ್ನ ಕಾಲು ಮುಂದೆ ಹೋದವು. "ಹೊಡೀಬ್ಯಾಡಿ. ಅವನು ನಮ್ಮಣ್ಣ" ಅಂದೆ. ಗದ್ದಲದಲ್ಲಿ ಯಾರಿಗೂ ಕೇಳಲಿಲ್ಲ. ಇನ್ನೊಮ್ಮೆ ಹೇಳಿದೆ. "ತಾಳಗುಂದದವನು. ಹಾಲಪ್ಪ. ನನ್ನ ಒಡಹುಟ್ಟಿದ ಅಣ್ಣ."

ಎಲ್ಲರೂ ತಿರುಗಿದರು. "ನಿಮ್ಮಣ್ಣ ಜ್ವರ ಬಂದು ಸತ್ತ ಅಂದಿದ್ರಲ್ಲಮ್ಮ" ಅಂದರು ಒಬ್ಬರು.

"ಸತ್ತಿಲ್ಲ. ಅಪ್ಪ ಸುಳ್ಳು ಹೇಳಿದ್ರು. ನಾನೂ ಹೇಳಲಿಲ್ಲ. ನನ್ನ ನೋಡಾಕೆ ಅಂತ ಇಲ್ಲಿಗೆ ಬರ್ತಿದ್ದ. ಮಕ್ಕಳ ಕಳ್ಳ ಅಲ್ಲ."

ಗುಂಪಿನ ಆ ಕಡೆ ನಮ್ಮವರು ನಿಂತಿದ್ದರು. ಅವರ ಮುಖದಲ್ಲಿ ಬಣ್ಣವೇ ಇರಲಿಲ್ಲ. ಈಗ ತಿರುಗಿ ಮನೆಗೆ ಹೋಗುತ್ತಾರೆ, ನನ್ನ ಬಾಳು ಇಲ್ಲಿಗೆ ಮುಗಿಯಿತು ಅಂದುಕೊಂಡೆ. ಅವರು ಜನರನ್ನು ಸರಿಸಿಕೊಂಡು ಮುಂದೆ ಬಂದರು. ಹೆಗಲ ಮೇಲಿನ ಟವೆಲ್ಲು ತೆಗೆದು ಅವಳ ಬೆನ್ನಿಗೆ ಹೊದಿಸಿದರು. "ನಮ್ಮನೆ ಜನ. ದಾರಿ ಬಿಡ್ರಿ" ಅಂದರು.

ಬಿಡುತ್ತಿದ್ದರೋ ಇಲ್ಲವೋ ಗೊತ್ತಿಲ್ಲ. ಅಷ್ಟರಲ್ಲಿ ಗುಡಿಗಾರರ ಓಣಿಯಿಂದ ಒಬ್ಬ ಮುದುಕರು ಸರೋಜಳನ್ನು ಎತ್ತಿಕೊಂಡು ಬಂದರು. ಅವರ ಮನೆಯ ಅಟ್ಟದಲ್ಲಿ ಬಾಸಿಂಗ ಮಾಡುವ ಬೆಂಡಿನ ರಾಶಿಯ ಮೇಲೆ ಮಲಗಿ ನಿದ್ದೆ ಹೋಗಿತ್ತಂತೆ ಕೂಸು. ಕೂದಲಿಗೆಲ್ಲ ಬೆಂಡಿನ ಚೂರು ಅಂಟಿತ್ತು. ತಾಯಿ ಅದನ್ನು ಕಿತ್ತುಕೊಂಡು ಒಳಗೆ ಓಡಿದಳು. ಜನ ಒಬ್ಬೊಬ್ಬರಾಗಿ ಕರಗಿದರು. ರಾಮಣ್ಣ ಚೆಲ್ಲಿದ ಅಕ್ಕಿಯನ್ನು ಸ್ವಲ್ಪ ಬಾಚಿ ಬುಟ್ಟಿಗೆ ಹಾಕಿ, "ಯಾರು ಅಂತ ಮುಂಚೆನೇ ಹೇಳಿದ್ರೆ ಇಷ್ಟೆಲ್ಲ ಆಗ್ತಿರ್ಲಿಲ್ಲ" ಅಂದ.

ಮನೆಯಲ್ಲಿ ಅತ್ತೆ ಬಿಸಿನೀರು ಕಾಯಿಸಿದರು, ಗಾಯಕ್ಕೆ ಅರಿಶಿನ ತೇದರು. ಹಿಂದಿನ ವಾರದವರೆಗೂ ಅವಳನ್ನು ತಾಯಿ ಎಂದು ಕರೆಯುತ್ತಿದ್ದವರು ಈಗ ಏನೆಂದೂ ಕರೆಯಲಿಲ್ಲ. "ನೀರು ಅಲ್ಲೈತೆ" ಎಂದು ಗೋಡೆಗೆ ಹೇಳಿದರು. ನನ್ನ ಮುಖವನ್ನಂತೂ ನೋಡಲೇ ಇಲ್ಲ. ನಮ್ಮವರು ಹರಿದ ಕುಪ್ಪಸವನ್ನು ಮಿಷನ್ನಿಗೆ ಹಾಕಿ ಕೂತರು. ಬಾಯಲ್ಲಿ ಸೂಜಿ ಇರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಒಳಗೆ ತಲೆ ಹಾಕಿ, "ತೋಳು ಒಂಚೂರು ಬಿಗಿ ಆಗಿತ್ತೇನೋ. ಸಡಿಲ ಮಾಡ್ಲಾ?" ಅಂದರು.

"ಮಾಡಪ್ಪ" ಅಂದಳು ಅವಳು. ಅವರು ಹೋದ ಮೇಲೆ ನಾನು ಅವಳ ಬೆನ್ನಿಗೆ ಅರಿಶಿನ ಹಚ್ಚುತ್ತಾ ಕಣ್ಣೀರು ಹಾಕಿದೆ.

"ಅಳಬ್ಯಾಡ, ಕೂಸಿಗೆ ಒಳ್ಳೇದಲ್ಲ" ಅಂದಳು. ಆಮೇಲೆ, "ಗೌರೀ, ಅವನು ಅಂದೆ. ಅಣ್ಣ ಅಂದೆ" ಅಂದಳು.

"ಮತ್ತೇನು ಅನ್ಲಿ?"

"ಅದನ್ನೇ ಅನ್ನಬೇಕಿತ್ತು. ಬೇರೆ ಏನಂದಿದ್ರೂ ಆ ಜನ ನಂಬ್ತಿರಲಿಲ್ಲ. ನೀನು ಬಂದಿದ್ದಕ್ಕೆ ನಾನು ಉಳಿದೆ." ಮುಖ ತಿರುಗಿಸದೆಯೇ ಮತ್ತೆ ಹೇಳಿದಳು. "ಆದ್ರೂ ನಿನ್ನ ಹತ್ರ ಮುಚ್ಚಿಡಲ್ಲ. ಅವರು ಹೊಡೆದಾಗ ಇಷ್ಟು ನೋಯಲಿಲ್ಲ."

ಸ್ವಲ್ಪ ದಿನ ಇಲ್ಲೇ ಇರು ಎಂದು ಕೇಳಿಕೊಂಡೆ. ಎಲ್ಲರಿಗೂ ಗೊತ್ತಾದ ಮೇಲೆ ಇನ್ನು ಹೆದರುವುದೇನಿದೆ ಅಂದೆ.

"ನಿನಗೆ ಮುಗೀತು, ನನಗೆ ಈಗ ಶುರುವಾತು. ನಿನ್ನೆವರೆಗೂ ಈ ಬೀದಿಗೆ ನಾನು ಹಾಲಮ್ಮ. ಹೆದರ್ತಿದ್ರು, ಬೈತಿದ್ರು, ಆದ್ರೂ ಹಾಲಮ್ಮ. ನಾಳೆಯಿಂದ ಟೇಲರ್ ಮನೆ ಹಾಲಪ್ಪ. ಆ ಹೆಸರು ಹೊತ್ಕೊಂಡು ಬೀದಿ ತಿರುಗಾಕೆ ನನ್ನ ಕೈಲಿ ಆಗಲ್ಲ."

ಬಿಸಿಲು ಇಳಿಯುವ ಮೊದಲೇ, ಹೊಲಿದುಕೊಟ್ಟ ಕುಪ್ಪಸ ತೊಟ್ಟುಕೊಂಡು, ಚಂದ್ರಗುತ್ತಿ ದಾರಿಯಲ್ಲಿ ನಡೆದು ಹೋದಳು. ನಮ್ಮವರು ಊರ ಗಡಿಯವರೆಗೆ ಬುಟ್ಟಿ ಹಿಡಿದುಕೊಂಡು ಜೊತೆಗೆ ಹೋಗಿದ್ದರು.

ನಾನು ಹೆದರಿದ್ದೆಲ್ಲ ಆಯಿತು. ತೊಗರ್ಸಿಯವರು ಮದುವೆ ಬೇಡ ಅಂದರು. ಅಪ್ಪ, ನನಗೆ ಈಗ ಇರುವುದು ಒಬ್ಬಳೇ ಮಗಳು ಎಂದು ಯಾರ ಕೈಲೋ ಹೇಳಿಕಳಿಸಿದರು. ಆಮೇಲೆ ಏಳು ವರ್ಷ ಬದುಕಿದ್ದರು, ನಮ್ಮ ಮನೆಯ ಹೊಸಿಲು ತುಳಿಯಲಿಲ್ಲ. ಅತ್ತೆ ಎರಡು ತಿಂಗಳು ನನ್ನೊಡನೆ ಮಾತು ಬಿಟ್ಟರು. ನನ್ನನ್ನು ತವರಿಗೆ ಕಳಿಸುವ ಮಾತೂ ಬಂತು. ನಮ್ಮವರು ಅದಕ್ಕೆ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ, ತೊಟ್ಟಿಲಿಗೆ ಬಟ್ಟೆ ಹೊಲಿಯುತ್ತಾ ಕೂತರು. ಹೆರಿಗೆ ನೋವು ಬಂದಾಗ ಅತ್ತೆಯೇ ನನ್ನ ಕೈ ಹಿಡಿದುಕೊಂಡಿದ್ದರು. ಹೆಣ್ಣು ಕೂಸು ಹುಟ್ಟಿತು. ಅದರ ಮೈಕೈಯೆಲ್ಲ ಎರಡು ಸಲ ತಿರುಗಿಸಿ ನೋಡಿದರು, ಆಮೇಲೆ ಎತ್ತಿಕೊಂಡರು. ಲಲಿತನ ಮದುವೆ ಮೂರು ವರ್ಷ ತಡವಾಯಿತು. ಅವಳು ನನ್ನನ್ನು ಬೈಯಲಿಲ್ಲ. "ನಿನ್ನ ಜಾಗದಲ್ಲಿ ನಾನಿದ್ರೆ ಬಾಯಿ ಬಿಡ್ತಿರಲಿಲ್ಲ ಅಕ್ಕ" ಎಂದು ಮಾತ್ರ ಒಮ್ಮೆ ಹೇಳಿದಳು. ಸೇತುವೆ ಮಳೆಗಾಲಕ್ಕೆ ಮೊದಲೇ ಮುಗಿಯಿತು. ಯಾವ ಮಗುವನ್ನೂ ಯಾರೂ ಒಯ್ದಿರಲಿಲ್ಲ.

ಮಗಳು ಶಾಂತಳಿಗೆ ನಾಲ್ಕು ವರ್ಷವಾಗಿದ್ದಾಗ ಉಳವಿಯ ನಂಟರ ಮನೆಗೆ ಬಸ್ಸಿನಲ್ಲಿ ಹೊರಟಿದ್ದೆ. ಬಸ್ಸು ತುಂಬಿತ್ತು. ನಡುದಾರಿಯಲ್ಲಿ ಕೈ ತೋರಿಸಿ ಒಬ್ಬ ಜೋಗಮ್ಮ ಹತ್ತಿದಳು. ವಯಸ್ಸಿಗೆ ಮೊದಲೇ ಹಣೆಯ ಮೇಲೆ ಕೂದಲು ಬೆಳ್ಳಗಾಗತೊಡಗಿತ್ತು. ನಿಂತಿದ್ದವರು ಬುಟ್ಟಿ ತಾಗದ ಹಾಗೆ ಮೈ ಹಿಂಡಿಕೊಂಡರು. ನನ್ನ ಪಕ್ಕದ ಹೆಂಗಸು ತನ್ನ ಮಗುವನ್ನು ಎದೆಗೆ ಒತ್ತಿಕೊಂಡು ಕಿಟಕಿಯ ಕಡೆ ಸರಿದಳು. ಕಂಡಕ್ಟರ್, "ಹಿಂದೆ ಹೋಗಿ ನೆಲದ ಮೇಲೆ ಕೂತ್ಕೊ" ಅಂದ. ಅವಳು ನನ್ನನ್ನು ನೋಡಿದಳು. ಗುರುತಿಲ್ಲದವರನ್ನು ನೋಡಿದ ಹಾಗೆ ನೋಡಿ, ನನ್ನನ್ನು ದಾಟಿ ಹೋಗಲು ಹೆಜ್ಜೆ ಇಟ್ಟಳು.

ಸೊರಬದವರು ಐದಾರು ಜನ ಬಸ್ಸಿನಲ್ಲಿದ್ದರು. "ಅಕ್ಕಾ" ಅಂದೆ. "ಇಲ್ಲಿ ಬಾ, ಕೂತ್ಕೊ."

ಅವಳು ನಿಂತಳು. ಬಸ್ಸಿನವರೆಲ್ಲ ನೋಡುತ್ತಿದ್ದರು. ನಾನು ಮಗಳನ್ನು ತೊಡೆಗೆ ಎತ್ತಿಕೊಂಡು ಜಾಗ ಮಾಡಿದೆ. ಬುಟ್ಟಿಯನ್ನು ಕಾಲ ಹತ್ತಿರ ಇಳಿಸಿ, ಅವಳು ನಿಧಾನವಾಗಿ ನನ್ನ ಪಕ್ಕ ಕೂತಳು. ಅವಳ ಮೊಣಕೈ ನನ್ನ ಮೊಣಕೈಗೆ ತಾಗುತ್ತಿತ್ತು.

ಶಾಂತ ಅವಳ ಕೊರಳಿನ ಮುತ್ತನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಎಲ್ಲರಿಗೂ ಕೇಳುವ ಹಾಗೆ, "ಅವ್ವಾ, ಇವರು ಯಾರು?" ಅಂದಳು.

"ದೊಡ್ಡಮ್ಮ" ಅಂದೆ.

ಮಗು ಇನ್ನೊಂದು ಪ್ರಶ್ನೆ ಕೇಳಲಿಲ್ಲ. ನನ್ನ ತೊಡೆಯಿಂದ ಇಳಿದು ಅವಳ ತೊಡೆಗೆ ಹತ್ತಿ, ಕಿಟಕಿಯಿಂದ ಗದ್ದೆ ತೋರಿಸು ಎಂದು ಹಟ ಹಿಡಿದಳು.